ಟೋಲಿಗೂ ಒಂದು ಕೊನೆ ದಿನ ಇತ್ತು

ಊರಿಗೆ ಹೋಗುವಾಗ ನಡೆದದ್ದು ಇದು. ಟೋಲ್ ಗೇಟಿನ ಮುಂದೆ ನನ್ನ ಕಾರು ನಿಂತಿತು. ಮೇಲಿನ ಕಂಬದ ಸ್ಕ್ಯಾನರ್‌ಗೆ ಗಾಜಿನ ಮೇಲಿದ್ದ ಫಾಸ್ಟ್ಯಾಗ್ ಕಾಣಲೇ ಇಲ್ಲ. ಒಂದಡಿ ಮುಂದೆ ಬನ್ನಿ ಅಂದರು, ಬಂದೆ. ಸ್ವಲ್ಪ ಹಿಂದೆ ಹೋಗಿ ಅಂದರು. ಹಿಂದೆ ಹೋಗೋದೆಲ್ಲಿಗೆ, ಬಂಪರಿಗೆ ಮೂತಿ ತಾಗಿಸಿಕೊಂಡು ಒಂದು ಲಾರಿ ನಿಂತಿತ್ತು. ಜಾಕೆಟ್ ಹಾಕಿದ್ದ ಹುಡುಗನೊಬ್ಬ ಕೈಮೆಷಿನ್ ತಂದು ಗಾಜಿಗೆ ಒತ್ತಿ ಹಿಡಿದ. "ರೀಡ್ ಆಗ್ತಿಲ್ಲ ಸಾರ್. ಕ್ಯಾಶ್ ಕೊಡಿ, ಡಬಲ್ ಆಗುತ್ತೆ." ಫೋನ್ ತೋರಿಸಿದೆ, ಖಾತೆಯಲ್ಲಿ ಆರುನೂರು ಚಿಲ್ಲರೆ ಇತ್ತು. "ಅದನ್ನ ಬ್ಯಾಂಕಿನವರಿಗೆ ಹೇಳಿ ಸಾರ್." ಲಾರಿಯವನು ಹಾರ್ನ್ ಒತ್ತಿದವನು ಕೈ ತೆಗೆಯಲೇ ಇಲ್ಲ. ಡಬಲ್ ಕೊಟ್ಟೆ. ಎರಡು ಕಿಲೋಮೀಟರ್ ದಾಟಿರಲಿಲ್ಲ, ಫೋನ್ ಟಿಣ್ ಅಂದಿತು. ಫಾಸ್ಟ್ಯಾಗ್‌ನಿಂದಲೂ ದುಡ್ಡು ಹೋಗಿತ್ತು. ಒಂದು ಗೇಟು, ಮೂರು ಪಟ್ಟು ಸುಂಕ.

ಖಾತೆಯಲ್ಲಿ ದುಡ್ಡಿದ್ದು, ಗೇಟಿನ ಮೆಷಿನ್ ಕೆಲಸ ಮಾಡದಿದ್ದರೆ ಪುಕ್ಕಟೆ ಬಿಡಬೇಕು ಅಂತ 2018ರಿಂದಲೇ ನಿಯಮ ಇದೆ. ಅದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಿದ್ದಿದ್ದರೂ ಆ ಹಾರ್ನ್ ಸದ್ದಿನಲ್ಲಿ ನಿಯಮ ಓದಿ ಹೇಳುವ ಧೈರ್ಯ ಬರುತ್ತಿತ್ತೋ ಇಲ್ಲವೋ. ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಂಡ ಹಾಗೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಅವಳು ಒಂದು ಸಲವೂ ಟೋಲ್ ಗೇಟ್ ನೋಡಿದವಳಲ್ಲ. ಗಾದೆ ಅಷ್ಟು ಹಳೆಯದು.

ಗಾದೆಯಷ್ಟೇ ಅಲ್ಲ, ಊರುಗಳ ಹೆಸರೂ ಇದನ್ನೇ ಹೇಳುತ್ತವೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಇದೆ. ಶ್ರೀರಂಗಪಟ್ಟಣದ ಹತ್ತಿರ ಆರತಿ ಉಕ್ಕಡ ಇದೆ, ಮಂಗಳವಾರ ಶುಕ್ರವಾರ ಮಾರಮ್ಮನಿಗೆ ನಡೆದುಕೊಳ್ಳುವವರು ಹೋಗುವ ಜಾಗ. ಉಕ್ಕಡ ಅಂದರೆ ಕಾವಲಿನ ಚೌಕಿ, ಸುಂಕ ಎತ್ತುವ ಠಾಣೆ. ಹಳೆಯ ಶಾಸನಗಳಲ್ಲಿ 'ಹೆಜ್ಜುಂಕ' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ದೊಡ್ಡ ಸುಂಕ ಅಂತ ಅರ್ಥ. ಎತ್ತಿನ ಮೇಲೆ ಹೇರಿಕೊಂಡು ಹೋಗುವ ಅಡಕೆ, ಮೆಣಸು, ಉಪ್ಪಿಗೆ ಸುಂಕ ಇರುತ್ತಿತ್ತು, ಎಷ್ಟೋ ಸಲ ಆ ಆದಾಯವನ್ನು ದೇವಸ್ಥಾನಕ್ಕೆ ಬಿಟ್ಟುಕೊಡುತ್ತಿದ್ದರು. ಆ ಸುಂಕ ಬೀಳುತ್ತಿದ್ದದ್ದು ಸರಕಿಗೆ. ರಸ್ತೆ ಮಾಡಿಕೊಟ್ಟಿದ್ದಕ್ಕೆ ಕೊಡಿ ಅಂತ ಯಾರೂ ಹೇಳುತ್ತಿರಲಿಲ್ಲ. ಇವತ್ತಿನ ಟೋಲಿಗೂ ಅದಕ್ಕೂ ಇರುವ ವ್ಯತ್ಯಾಸ ಅದೇ.

ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ತೆಗೆದುಹಾಕಿಸಿದ ಸಣ್ಣಪುಟ್ಟ ತೆರಿಗೆಗಳ ಲೆಕ್ಕ 769 ಅಂತ ದಾಖಲೆ ಇದೆ. ಅದರಲ್ಲಿ ಒಂದಂತೂ ಕೇಳಿದರೆ ನಗು ಬರುತ್ತೆ. ಒಂದು ಹಳ್ಳಿಯವರು ತಲೆಮಾರುಗಳಿಂದ ಒಂದು ತೆರಿಗೆ ಕಟ್ಟುತ್ತಿದ್ದರು. ಯಾಕಪ್ಪಾ ಅಂದರೆ, ಯಾವುದೋ ಕಾಲದಲ್ಲಿ ಪಾಳೆಗಾರನ ಕುದುರೆ ಕಳೆದುಹೋಗಿತ್ತು, ಇವರ ಮುತ್ತಜ್ಜಂದಿರು ಅದನ್ನು ಹುಡುಕಿಕೊಡಲಿಲ್ಲ. ಕುದುರೆ ಹೋಯಿತು, ಪಾಳೆಗಾರನೂ ಹೋದ. ವಸೂಲಿ ಮಾತ್ರ ನಿಲ್ಲಲಿಲ್ಲ. ಈ ಕುದುರೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ರಸ್ತೆ ಮತ್ತು ಸೇತುವೆಗಳಿಗೆ ಸುಂಕ ಎತ್ತಲು ಬ್ರಿಟಿಷರು 1851ರಲ್ಲಿ ಕಾಯ್ದೆ ತಂದರು. ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಬಂತು. ಆಗ ರಸ್ತೆಗೆ ದುಡ್ಡು ಕೇಳುವ ಆಲೋಚನೆ ಇರಲಿಲ್ಲ. ರಸ್ತೆ ಅಂದರೆ ಸರ್ಕಾರ ಮಾಡಿಕೊಡೋದು, ಅದಕ್ಕೇ ತಾನೇ ತೆರಿಗೆ ಕಟ್ಟೋದು, ಅಷ್ಟೇ. ದೋಣಿಗೆ, ಸುರಂಗಕ್ಕೆ, ತಾತ್ಕಾಲಿಕ ಸೇತುವೆಗೆ ಶುಲ್ಕ ಇಡಬಹುದಿತ್ತು. 1977ರ ತಿದ್ದುಪಡಿಯಲ್ಲಿ ಇದನ್ನು ಇನ್ನಷ್ಟು ವಿಸ್ತರಿಸಿದರು: 1976ರ ಏಪ್ರಿಲ್ 1ರ ನಂತರ ತೆರೆದ, 25 ಲಕ್ಷಕ್ಕಿಂತ ಜಾಸ್ತಿ ಖರ್ಚಾದ ಕಾಯಂ ಸೇತುವೆಗೆ ಶುಲ್ಕ ಎತ್ತಬಹುದು. ಐವತ್ತು ದಾಟಿದವರಿಗೆ ಆ ಸೇತುವೆ ಗೇಟುಗಳು ನೆನಪಿರುತ್ತವೆ. ಬಿದಿರು ಗಳಕ್ಕೆ ಕಲ್ಲು ಕಟ್ಟಿರುತ್ತಿದ್ದರು. ಒಬ್ಬ ಖಾಕಿ ಚಡ್ಡಿಯವನು ಹಳದಿ ಚೀಟಿ ಹರಿದುಕೊಡುತ್ತಿದ್ದ. ಸೇತುವೆ ದುಡ್ಡು ವಸೂಲಾಗೋವರೆಗೆ ಅಷ್ಟೇ, ಆಮೇಲೆ ಎತ್ತಿಬಿಡ್ತಾರೆ ಅಂತ ಬಸ್ಸಿನಲ್ಲಿ ಕೂತವರು ಮಾತಾಡಿಕೊಳ್ಳುತ್ತಿದ್ದರು. ಜನ ಟೋಲನ್ನು ಒಪ್ಪಿಕೊಂಡದ್ದು ಈ ಮಾತಿನ ಮೇಲೆ. ಸಾಲ ತೀರಿದ ಮೇಲೆ ಕಂತು ಯಾರು ಕಟ್ತಾರೆ, ಅಲ್ವಾ?

ತೊಂಬತ್ತರ ದಶಕದಲ್ಲಿ ಲೆಕ್ಕ ಬದಲಾಯಿತು. ಸರ್ಕಾರದ ಕೈಯಲ್ಲಿ ದುಡ್ಡಿರಲಿಲ್ಲ, ಲಾರಿಗಳು ಜಾಸ್ತಿಯಾದವು. 1995ರಲ್ಲಿ ಕಾಯ್ದೆಗೆ ಹೊಸ ಕಲಮು ಸೇರಿಸಿ ಖಾಸಗಿಯವರಿಗೆ ಬಾಗಿಲು ತೆರೆದರು. ನೀವು ಕಟ್ಟಿ, ಇಷ್ಟು ವರ್ಷ ವಸೂಲು ಮಾಡಿಕೊಳ್ಳಿ, ಆಮೇಲೆ ವಾಪಸ್ ಕೊಡಿ ಅನ್ನುವ ಲೆಕ್ಕ. ಶುಲ್ಕ ಎಷ್ಟು, ಎಷ್ಟು ವರ್ಷ ಅಂತ ತೀರ್ಮಾನಿಸುವಾಗ ಕಟ್ಟಿದ ಖರ್ಚು, ಬಡ್ಡಿ, ತಕ್ಕಮಟ್ಟಿನ ಲಾಭ, ಓಡಾಡುವ ವಾಹನಗಳ ಸಂಖ್ಯೆ ಎಲ್ಲ ನೋಡಬೇಕು ಅಂತ ಆ ಕಲಮಿನಲ್ಲೇ ಇದೆ. ಒಳ್ಳೆಯ ಕಲಮೇ. ಆಮೇಲೆ ನಾಲ್ಕು ಮಹಾನಗರಗಳನ್ನು ಜೋಡಿಸುವ, ವಾಜಪೇಯಿ ಕಾಲದ ಸುವರ್ಣ ಚತುಷ್ಪಥ ಬಂತು, 5,846 ಕಿಲೋಮೀಟರ್. ಅದಕ್ಕೆ ದುಡ್ಡು ಹೊಂದಿಸಲು 1998ರಲ್ಲಿ ಪೆಟ್ರೋಲಿಗೆ, ಮರುವರ್ಷ ಡೀಸೆಲ್ಲಿಗೆ ಲೀಟರಿಗೆ 1 ರೂಪಾಯಿ ಹಾಕಿದರು. 2018ರ ಬಜೆಟ್ಟಿನಲ್ಲಿ 'ರಸ್ತೆ ಮತ್ತು ಮೂಲಸೌಕರ್ಯ ಸೆಸ್' ಅಂತ ಹೆಸರಿಟ್ಟು ಲೀಟರಿಗೆ 8 ರೂಪಾಯಿ ಮಾಡಿದರು. ಇದು ಟೋಲ್ ಅಲ್ಲ, ಟೋಲಿನ ಜೊತೆಗೆ.

ಇದಕ್ಕೆ ರಾಜ್ಯದ ಪಾಲನ್ನೂ ಸೇರಿಸಿ. ಕರ್ನಾಟಕದಲ್ಲಿ 10 ಲಕ್ಷ ದಾಟಿ 20 ಲಕ್ಷದೊಳಗಿರುವ ಕಾರಿಗೆ ಜೀವಿತಾವಧಿ ತೆರಿಗೆ 17 ಪರ್ಸೆಂಟ್. ಅಂದರೆ 12 ಲಕ್ಷದ ಕಾರಿಗೆ ಎರಡು ಲಕ್ಷಕ್ಕೂ ಮೇಲೆ, ಗಾಡಿ ಶೋರೂಮಿನಿಂದ ಹೊರಗೆ ಬರುವ ಮೊದಲೇ. "ರೋಡ್ ಟ್ಯಾಕ್ಸ್ ಕಟ್ಟಿದ ಮೇಲೂ ಟೋಲ್ ಯಾಕೆ?" ಅಂತ ಗೇಟಿನಲ್ಲಿ ಜಗಳ ತೆಗೆಯುವವರು ಕೇಳುವ ಪ್ರಶ್ನೆಗೆ ಕಾನೂನಿನ ಉತ್ತರ ಇದ್ದೇ ಇದೆ. ಅದು ರಾಜ್ಯದ ತೆರಿಗೆ, ಇದು ಕೇಂದ್ರದ ಶುಲ್ಕ, ಬೇರೆ ಬೇರೆ ಅಂತ. ಜೇಬಿಗೆ ಆ ವ್ಯತ್ಯಾಸ ಗೊತ್ತಾಗೋದಿಲ್ಲ, ಪ್ಯಾಂಟಿಗೆ ಒಂದೇ ಜೇಬು.

ಈಗ ನಾವು ಕೊಡುವ ದರ ಹುಟ್ಟಿದ್ದು 2008ರ ಡಿಸೆಂಬರಿನ ನಿಯಮದಲ್ಲಿ. ನಾಲ್ಕು ಲೇನಿನ ರಸ್ತೆಗೆ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಬಸ್ಸು ಲಾರಿಗೆ 2 ರೂಪಾಯಿ 20 ಪೈಸೆ, 2007-08ರ ಲೆಕ್ಕದಲ್ಲಿ. ಪ್ರತಿ ವರ್ಷ ಏಪ್ರಿಲ್ 1ಕ್ಕೆ 3 ಪರ್ಸೆಂಟ್ ಏರಿಕೆ ಖಾಯಂ. ಅದರ ಮೇಲೆ ಸಗಟು ಬೆಲೆ ಏರಿದಷ್ಟರಲ್ಲಿ ನೂರಕ್ಕೆ ನಲವತ್ತು ಪಾಲು. ಬೈಪಾಸ್ ಇದ್ದರೆ ಆ ಭಾಗಕ್ಕೆ ಒಂದೂವರೆ ಪಟ್ಟು. ಮೇಲ್ಸೇತುವೆ, ಸುರಂಗಗಳ ಉದ್ದವನ್ನು ಹತ್ತರಿಂದ ಗುಣಿಸಿ ಲೆಕ್ಕ ಹಾಕುತ್ತಿದ್ದರು, 2025ರ ಜುಲೈನಲ್ಲಿ ಅದನ್ನು ಸ್ವಲ್ಪ ಇಳಿಸಿದರು. ಈ ಗುಣಾಕಾರ ಗೊತ್ತಿಲ್ಲದವರು "ಅಷ್ಟು ದೂರಕ್ಕೆ ಇಷ್ಟು ದುಡ್ಡಾ" ಅಂತ ಬಾಯಿ ಬಿಡೋದು ಸಹಜ.

ಕಾರಿನವರ ಪರವಾಗಿ ಮಾತಾಡುತ್ತಾ ಇನ್ನೊಂದು ಮಾತು ಮುಚ್ಚಿಡಬಾರದು. ರಸ್ತೆ ಹಾಳಾಗೋದು ಕಾರಿನಿಂದ ಅಲ್ಲ, ಭಾರದ ಲಾರಿಯಿಂದ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಪೆಟ್ಟು ಹದಿನಾರು ಪಟ್ಟಾಗುತ್ತೆ ಅಂತ ಎಂಜಿನಿಯರುಗಳು ಹಳೇ ಲೆಕ್ಕ ಇಟ್ಟಿದ್ದಾರೆ. ಸಾದಾ ಲಾರಿ ಕೊಡುವುದು ಕಾರಿನ ಸುಮಾರು ಮೂರೂವರೆ ಪಟ್ಟು ಮಾತ್ರ. ಆದರೆ ಲಾರಿಯವನು ಕೊಟ್ಟದ್ದು ಕೊನೆಗೆ ಟೊಮೆಟೊ ರೇಟಿನಲ್ಲಿ ಬಂದು ಕೂರುತ್ತೆ. ಕಾರಿಲ್ಲದವರೂ ಟೋಲ್ ಕಟ್ಟುತ್ತಲೇ ಇರುತ್ತಾರೆ. 2023ರಲ್ಲಿ ಮೈಸೂರು ದಾರಿಗೆ ಟೋಲ್ ಬಂದ ಕೂಡಲೇ ಕೆಎಸ್‌ಆರ್‌ಟಿಸಿ ಸಾದಾ ಬಸ್ಸಿನ ಟಿಕೆಟ್ಟಿಗೆ 15 ರೂಪಾಯಿ, ರಾಜಹಂಸಕ್ಕೆ 18 ರೂಪಾಯಿ ಸೇರಿಸಿತು.

2008ರ ನಿಯಮದಲ್ಲಿ ಜನಕ್ಕೆ ಅನುಕೂಲವಾಗುವ ಮೂರು ಮಾತಿದ್ದವು. ಒಂದು, ಒಂದೇ ದಿಕ್ಕಿನಲ್ಲಿ 60 ಕಿಲೋಮೀಟರ್ ಒಳಗೆ ಎರಡು ಗೇಟು ಇರಬಾರದು. ಎರಡು, ನಗರದ ಗಡಿಯಿಂದ 10 ಕಿಲೋಮೀಟರ್ ಆಚೆ ಇರಬೇಕು. ಮೂರು, ಹಾಕಿದ ಬಂಡವಾಳ ವಸೂಲಾದ ಮೇಲೆ ದರ 40 ಪರ್ಸೆಂಟಿಗೆ ಇಳಿಯಬೇಕು, ಬರೀ ರಿಪೇರಿ ಖರ್ಚಿಗೆ. ಮೊದಲೆರಡಕ್ಕೆ "ಕಾರಣ ಬರೆದಿಟ್ಟರೆ ಹತ್ತಿರದಲ್ಲೂ ಹಾಕಬಹುದು" ಅನ್ನುವ ಬಾಲ ಇತ್ತು. ಸುರತ್ಕಲ್ ಗೇಟು ನಿಂತದ್ದು ಆ ಬಾಲದ ಮೇಲೆ.

ಸುರತ್ಕಲ್‌ನ ಎನ್‌ಐಟಿಕೆ ಹತ್ತಿರ ಇದ್ದ ಆ ಗೇಟು ಮಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯೊಳಗೇ ಇತ್ತು. ಉಡುಪಿ ಕಡೆಗೆ ಕಾಲು ಗಂಟೆ ಹೋದರೆ ಹೆಜಮಾಡಿ ಗೇಟು. ತಲಪಾಡಿಯಲ್ಲಿ ಒಂದು, ಬಿ.ಸಿ. ರೋಡಿಗೆ ಹೋಗುವಾಗ ಬ್ರಹ್ಮರಕೂಟ್ಲುವಿನಲ್ಲಿ ಇನ್ನೊಂದು. ಮಂಗಳೂರಿನಿಂದ ಯಾವ ಕಡೆ ಹೊರಟರೂ ಕೈ ಚಾಚಿ ಒಬ್ಬ ನಿಂತಿರುತ್ತಿದ್ದ. ಸುರತ್ಕಲ್ ಗೇಟು ತಾತ್ಕಾಲಿಕ ಅಂತಲೇ ಹಾಕಿದ್ದು. ಆ ತಾತ್ಕಾಲಿಕ ಏಳು ವರ್ಷ ನಡೆಯಿತು. ಕೆಎ 19 ನಂಬರಿನ ಸ್ಥಳೀಯ ಕಾರುಗಳನ್ನು ಬಿಡುತ್ತಿದ್ದರು ಅನ್ನೋದೇ ಸಮಾಧಾನ. ಆ ರಿಯಾಯಿತಿಗೆ ಕೈ ಹಾಕುವ ಮಾತು ಬಂದಾಗಲೆಲ್ಲ ಧರಣಿ. ಉಡುಪಿಯ ಕೆಎ 20ಕ್ಕೆ ಆ ಭಾಗ್ಯ ಇರಲಿಲ್ಲ. ಮೂಲ್ಕಿಯ ಮದುವೆಗೆ ಬರುವ ಪಡುಬಿದ್ರಿಯ ನೆಂಟರು ಮಂಗಳೂರಿನ ಆಸ್ಪತ್ರೆಗೂ ಹೋಗಬೇಕಾದರೆ ಎರಡು ಗೇಟು, ವಾಪಸ್ ಬರುವಾಗ ಮತ್ತೆ ಎರಡು.

2022ರ ಮಾರ್ಚ್ 22ರಂದು ಸಾರಿಗೆ ಸಚಿವ ನಿತಿನ್ ಗಡ್ಕರಿ ಲೋಕಸಭೆಯಲ್ಲಿ, 60 ಕಿಲೋಮೀಟರ್ ಒಳಗೆ ಒಂದೇ ಟೋಲ್, ಉಳಿದವನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಅಂದರು. ಮೂರು ತಿಂಗಳು ಆಯಿತು, ಆರು ತಿಂಗಳೂ ಆಯಿತು. ಅಕ್ಟೋಬರ್ 18ರಂದು ಹೋರಾಟ ಸಮಿತಿಯವರು ಗೇಟಿಗೇ ಮುತ್ತಿಗೆ ಹಾಕಿದರು. ತಿಂಗಳ ಕೊನೆಯಿಂದ ಹಗಲು ರಾತ್ರಿ ಧರಣಿ ಕೂತರು. ಡಿಸೆಂಬರ್ 1ಕ್ಕೆ ಸುರತ್ಕಲ್‌ನಲ್ಲಿ ವಸೂಲಿ ನಿಂತಿತು. ಎಲ್ಲ ಮುಗಿಯಿತು ಅಂದುಕೊಂಡರೆ, ಅದನ್ನು ಹೆಜಮಾಡಿಗೆ ವಿಲೀನ ಮಾಡಿದ್ದೇವೆ, ಎರಡರ ದರವನ್ನೂ ಅಲ್ಲೇ ಎತ್ತುತ್ತೇವೆ ಅನ್ನುವ ಆದೇಶ ಹಿಂದೆಯೇ ಇತ್ತು. ಗೇಟು ಹೋದರೂ ಲೆಕ್ಕ ಹೋಗಬಾರದು ನೋಡಿ. ಅದಕ್ಕೂ ಉಡುಪಿ ಕಡೆಯವರು ಬೀದಿಗಿಳಿದರು.

ಹುಬ್ಬಳ್ಳಿ-ಧಾರವಾಡ ಬೈಪಾಸ್‌ನ ಕಥೆ ಇದಕ್ಕಿಂತ ಭಾರ. ಖಾಸಗಿಯವರು ಕಟ್ಟಿ ಟೋಲ್ ಎತ್ತಿದ ರಾಜ್ಯದ ಮೊದಮೊದಲ ರಸ್ತೆಗಳಲ್ಲಿ ಅದೂ ಒಂದು. ಸುಮಾರು 30 ಕಿಲೋಮೀಟರ್. ಆಚೆ ಈಚೆ ಎರಡೂ ಕಡೆ ಹೆದ್ದಾರಿ ಅಗಲವಾದರೂ ಈ ತುಂಡು ಮಾತ್ರ ಎರಡೇ ಲೇನ್, ನಡುವೆ ಡಿವೈಡರ್ ಇಲ್ಲ. ಆದರೆ ಗೇಟು ಇತ್ತು, ಚೀಟಿ ಕೊಡುತ್ತಿದ್ದರು. 2021ರ ಜನವರಿ 15ರ ಬೆಳಿಗ್ಗೆ ದಾವಣಗೆರೆಯ ಹಳೆಯ ಶಾಲಾ ಗೆಳತಿಯರು ಗೋವಾಕ್ಕೆ ಹೊರಟಿದ್ದ ಗಾಡಿಗೆ ಇಟಿಗಟ್ಟಿ ಹತ್ತಿರ ಟಿಪ್ಪರ್ ಡಿಕ್ಕಿ ಹೊಡೆಯಿತು. ಹತ್ತಕ್ಕೂ ಹೆಚ್ಚು ಮಂದಿ ಹೋದರು. ಆರು ಲೇನ್ ಮಾಡುವ ಕೆಲಸ ಶುರುವಾದದ್ದು ಅದಾದ ಮೇಲೆ.

ಕೆಲಸ ತಡವಾದಷ್ಟು ದಿನ ಟೋಲ್ ಎತ್ತಬಾರದು ಅನ್ನುವ ನಿಯಮವೂ ಇದೆ. ನಾಲ್ಕು ಲೇನನ್ನು ಆರು ಮಾಡುವಾಗ ಗಡುವು ಮೀರಿದರೆ ಅಲ್ಲಿಂದಾಚೆಗೆ ವಸೂಲಿ ನಿಲ್ಲಬೇಕು. ದಕ್ಷಿಣ ಭಾರತದ ಟೋಲ್‌ಗಳ ಲೆಕ್ಕ ನೋಡಿದ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ, 2023ರ ಆಗಸ್ಟಿನಲ್ಲಿ ಸಂಸತ್ತಿಗೆ ಬಂದ ವರದಿಯಲ್ಲಿ ಮೂರು ಗೇಟುಗಳನ್ನು ಹೆಸರಿಸಿ ಹೇಳಿತು. ಆಂಧ್ರದ ನಾಥವಲಸ, ನಮ್ಮ ರಾಣೆಬೆನ್ನೂರು ಹತ್ತಿರದ ಚಳಗೇರಿ, ದಾವಣಗೆರೆ ಹತ್ತಿರದ ಹೆಬ್ಬಾಳು. ಈ ಮೂರರಲ್ಲಿ 2020ರ ಮೇ ತಿಂಗಳಿಂದ 2021ರ ಮಾರ್ಚ್‌ವರೆಗೆ ನಿಯಮ ಮೀರಿ ಎತ್ತಿದ ದುಡ್ಡು 124 ಕೋಟಿ. ಪುಣೆ-ಬೆಂಗಳೂರು ದಾರಿಯಲ್ಲಿ ಆಗ ಓಡಾಡಿದ ಕೋಳಿ ಲಾರಿ, ಈರುಳ್ಳಿ ಲಾರಿ, ಮದುವೆ ಟೆಂಪೊ ಎಲ್ಲರ ದುಡ್ಡೂ ಅದರಲ್ಲಿದೆ.

ಬೆಂಗಳೂರು-ಮೈಸೂರು ದಾರಿಗೆ ಬಂದರೆ ಸಿಟ್ಟಿನ ಬಣ್ಣವೇ ಬೇರೆ. ಅಲ್ಲಿ ಹೊಸ ರಸ್ತೆ ಚೆನ್ನಾಗಿದೆ ಅಂತ ಬೈಯುವವರೂ ಒಪ್ಪುತ್ತಾರೆ. 118 ಕಿಲೋಮೀಟರ್, ಸುಮಾರು 8,480 ಕೋಟಿ. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಬಂತು. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯಕ್ಕೆ ಬಂದು ಉದ್ಘಾಟನೆ ಮಾಡಿದರು, ಎರಡೇ ದಿನಕ್ಕೆ ಬಿಡದಿ ಹತ್ತಿರ ಟೋಲ್ ಶುರು, ಕಾರಿಗೆ 135. ಸರ್ವಿಸ್ ರಸ್ತೆ ಇನ್ನೂ ಮುಗಿದಿಲ್ಲ, ಆಮೇಲೆ ಎತ್ತಿ ಅಂತ ಜನ ಗೇಟಿಗೆ ಬಂದರು. ವಾರದೊಳಗೆ ಒಂದು ಮಳೆ ಬಿತ್ತು, ರಾಮನಗರದ ಹತ್ತಿರ ಅಂಡರ್‌ಪಾಸ್‌ನಲ್ಲಿ ಕಾರುಗಳು ನೀರಿನಲ್ಲಿ ನಿಂತವು. ಜೂನ್‌ನಲ್ಲಿ 135 ಹೋಗಿ 165 ಆಯಿತು. ಜುಲೈ 1ಕ್ಕೆ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಎರಡನೇ ಗೇಟು ತೆರೆಯಿತು, 155. ಒಟ್ಟು 320. ಆರತಿ ಉಕ್ಕಡಕ್ಕೆ ಅಲ್ಲಿಂದ ದೂರವೇನಿಲ್ಲ. ಸುಂಕದ ಚೌಕಿ ಸುತ್ತಿ ಬಂದು ಹಳೆಯ ಜಾಗದ ಹತ್ತಿರವೇ ಕೂತಿದೆ.

ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗೆ ಹಾಕಿದರು. ಅಪಘಾತಗಳನ್ನು ನೋಡಿದರೆ ಅದು ಸರಿಯೇ. ಆದರೆ ಮೊದಲು ಆ ದಾರಿ ಎಲ್ಲರದ್ದಾಗಿತ್ತು. ಮದ್ದೂರಿನಲ್ಲಿ ಇಳಿದು ವಡೆ ತಿನ್ನುವುದು, ಚನ್ನಪಟ್ಟಣದಲ್ಲಿ ಮಗುವಿಗೆ ಮರದ ಗೊಂಬೆ ಕೊಡಿಸುವುದು, ಬಿಡದಿಯಲ್ಲಿ ತಟ್ಟೆ ಇಡ್ಲಿ, ಇವೆಲ್ಲ ಆ ದಾರಿಯ ಭಾಗ. ಬೈಪಾಸ್ ಆದ ಮೇಲೆ ಗೊಂಬೆ ಅಂಗಡಿಯವರು ಬಾಗಿಲಲ್ಲಿ ಕೂತು ದೂರದ ಮೇಲ್ಸೇತುವೆಯಲ್ಲಿ ಹೋಗುವ ಕಾರುಗಳ ಸದ್ದು ಕೇಳಬೇಕು. ಟೋಲ್ ಬೇಡ ಅಂದವರು ಹಳೇ ರಸ್ತೆಯಲ್ಲಿ ಹೋಗಲಿ ಅನ್ನುತ್ತಾರಲ್ಲ, ಆ ಹಳೇ ರಸ್ತೆಯ ಎಷ್ಟೋ ಭಾಗ ಈಗ ಹೊಸ ರಸ್ತೆಯ ಹೊಟ್ಟೆಯೊಳಗಿದೆ.

ಫಾಸ್ಟ್ಯಾಗ್ ಬಂದದ್ದು ಈ ಎಲ್ಲ ಸಿಟ್ಟಿಗೆ ಮದ್ದು ಅಂತ. 2014ರಲ್ಲಿ ಅಹಮದಾಬಾದ್-ಮುಂಬೈ ದಾರಿಯಲ್ಲಿ ಪ್ರಯೋಗ, 2021ರ ಫೆಬ್ರವರಿಯಿಂದ ಎಲ್ಲರಿಗೂ ಕಡ್ಡಾಯ, ಇಲ್ಲದಿದ್ದರೆ ಡಬಲ್. ಆ ವರ್ಷವೇ ಗೇಟಿನಿಂದ 100 ಮೀಟರ್ ದೂರಕ್ಕೆ ಹಳದಿ ಗೆರೆ ಎಳೆದು, ಸಾಲು ಅದನ್ನು ದಾಟಿದರೆ ಪುಕ್ಕಟೆ ಬಿಡುತ್ತೇವೆ ಅಂದರು. ವಾಟ್ಸಾಪಿನಲ್ಲಿ ಆ ಸುದ್ದಿ ಓದಿದವರು ಎಷ್ಟು ಮಂದಿ, ಪುಕ್ಕಟೆ ದಾಟಿದವರು ಎಷ್ಟು ಮಂದಿ! 2024ರಲ್ಲಿ ಸದ್ದಿಲ್ಲದೆ ಆ ಮಾತನ್ನು ವಾಪಸ್ ಪಡೆದರು. ಸಾಲು ಮಾತ್ರ ನಿಜವಾಗಿಯೂ ಕಡಿಮೆಯಾಗಿದೆ, ಅದನ್ನು ಒಪ್ಪಬೇಕು. ಆದರೆ ಮೊದಲು ಜೇಬಿನಿಂದ ನೋಟು ತೆಗೆದು ಕೊಡುವಾಗ ಎಷ್ಟು ಕೊಟ್ಟೆ ಅನ್ನೋದು ಕೈಗೆ ಗೊತ್ತಾಗುತ್ತಿತ್ತು. ಈಗ ಮೆಸೇಜು ಬಂದಾಗ ಡ್ರೈವ್ ಮಾಡುತ್ತಿರುತ್ತೇವೆ, ನೋಡುವುದೂ ಇಲ್ಲ. 2023-24ರಲ್ಲಿ ದೇಶದ ಹೆದ್ದಾರಿಗಳಲ್ಲಿ ಹೀಗೆ ಸೇರಿದ್ದು 55 ಸಾವಿರ ಕೋಟಿಗೂ ಮೇಲೆ.

ಈಗ 2008ರ ನಿಯಮದ ಆ ಮೂರನೇ ಮಾತಿಗೆ ಬರೋಣ, 40 ಪರ್ಸೆಂಟಿನ ಮಾತು. 2023ರ ಅಕ್ಟೋಬರಿನಲ್ಲಿ ನಿಯಮ ತಿದ್ದಿ ಅದನ್ನು ತೆಗೆದುಹಾಕಿದರು. ಬಂಡವಾಳ ವಸೂಲಾದರೂ, ಖಾಸಗಿಯವರ ಅವಧಿ ಮುಗಿದರೂ ಪೂರ್ತಿ ದರ, ಪ್ರತಿ ವರ್ಷದ ಏರಿಕೆ ಸಮೇತ. ಪಾಳೆಗಾರನ ಕುದುರೆ ನೆನಪಿದೆಯಲ್ಲ, ಇದೂ ಅದೇ ಕಥೆ. ಟಿವಿಯಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇನೂ ಆಗಲಿಲ್ಲ. ಗೇಟಿನಲ್ಲಿ ಐದು ರೂಪಾಯಿ ಏರಿದರೆ ಧರಣಿ ಆಗುತ್ತೆ, ಕೊನೆ ದಿನವನ್ನೇ ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಯಾಕೆ ಹೀಗೆ ಅಂದರೆ ಉತ್ತರ ಕಷ್ಟದ್ದಲ್ಲ. 2018ರಿಂದ ಸರ್ಕಾರ ಕಟ್ಟಿ ಮುಗಿದ ರಸ್ತೆಗಳ ಮುಂದಿನ 20-30 ವರ್ಷದ ಟೋಲನ್ನು ಕಂಪನಿಗಳಿಗೆ ಇವತ್ತೇ ಮಾರುತ್ತಿದೆ. ಮೊದಲ ಕಂತಿಗೇ 9,600 ಕೋಟಿಗೂ ಮೇಲೆ ಬಂತು, ಆ ದುಡ್ಡಿನಲ್ಲಿ ಇನ್ನಷ್ಟು ರಸ್ತೆ. ಇಪ್ಪತ್ತು ಮೂವತ್ತು ವರ್ಷದ ಫಸಲನ್ನು ಮುಂಗಡವಾಗಿ ಮಾರಿದ ಮೇಲೆ ಮಾವಿನ ಮರ ಕಡಿಯಲು ಯಾರು ಬಿಡ್ತಾರೆ? ರಸ್ತೆ ಬೇಕು, ದುಡ್ಡು ಎಲ್ಲಿಂದಲೋ ಬರಬೇಕು ಅನ್ನೋದೂ ನಿಜವೇ. ಆದರೆ ಅದನ್ನು ಆ ರಸ್ತೆಯ ಸಾಲದ ಕಂತು ಅಂತ ಹೇಳುವುದನ್ನು ಬಿಟ್ಟು, ಇದೂ ಒಂದು ತೆರಿಗೆ ಅಂತ ನೇರವಾಗಿ ಹೇಳಬಹುದಿತ್ತು.

ಕೋರ್ಟುಗಳು ಮಾತ್ರ ಆಗಾಗ ಆ ಹಳೇ ಪ್ರಶ್ನೆ ಕೇಳುತ್ತವೆ. ದೆಹಲಿ-ನೋಯ್ಡಾ ಡಿಎನ್‌ಡಿ ರಸ್ತೆಯ ಒಪ್ಪಂದದಲ್ಲಿ ಕಂಪನಿಗೆ ವರ್ಷಕ್ಕೆ 20 ಪರ್ಸೆಂಟ್ ಲಾಭ ಗ್ಯಾರಂಟಿ ಇತ್ತು. ಅಷ್ಟು ಬರದಿದ್ದರೆ ಕೊರತೆಯನ್ನು ಖರ್ಚಿಗೇ ಸೇರಿಸಬಹುದಿತ್ತು. ಅಂದರೆ ಜನ ಎಷ್ಟು ಕಟ್ಟಿದರೂ ಸಾಲ ಬೆಳೆಯುತ್ತಲೇ ಇರುತ್ತಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್, ಕೊಟ್ಟದ್ದು ಸಾಕು, ಇನ್ನು ಟೋಲ್ ಇಲ್ಲ ಅಂತ ಅಲಹಾಬಾದ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ ತ್ರಿಶೂರಿನ ಪಾಲಿಯೆಕ್ಕರ ಟೋಲನ್ನು ಕೇರಳ ಹೈಕೋರ್ಟ್ ಕೆಲಕಾಲ ತಡೆಯಿತು, ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ತೆರಿಗೆ ಕಟ್ಟಿದ ಜನ ಗುಂಡಿಗಳಲ್ಲಿ ದಾರಿ ಹುಡುಕಿಕೊಂಡು ಹೋಗೋದಕ್ಕೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ ಅನ್ನುವುದು ಅದರ ತಿರುಳು.

ಅದೇ ಆಗಸ್ಟ್ 15ಕ್ಕೆ ಖಾಸಗಿ ಕಾರುಗಳಿಗೆ 3,000 ರೂಪಾಯಿಯ ವಾರ್ಷಿಕ ಪಾಸ್ ಬಂತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಒಂದು ಗೇಟಿಗೆ 15 ರೂಪಾಯಿ ಬಿದ್ದ ಹಾಗೆ. ಮೈಸೂರಿಗೆ ತಿಂಗಳಿಗೊಮ್ಮೆ ಹೋಗಿಬರುವವನಿಗೆ ಒಳ್ಳೆಯ ಉಳಿತಾಯ, ನಾನೂ ಮಾಡಿಸಿದ್ದೇನೆ. ಮಾಡಿಸಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು ಅನ್ನೋದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಬಾಡಿಗೆ ಕಾರಿನವರಿಗೆ, ಲಾರಿಯವರಿಗೆ ಈ ಪಾಸ್ ಇಲ್ಲ.

ಅಂದಹಾಗೆ ನನ್ನ ಮೂರು ಪಟ್ಟಿನ ಕಥೆ ಮುಗಿಸಿಲ್ಲ. ದೂರು ಕೊಟ್ಟು ಮೂರು ವಾರಕ್ಕೆ ಫಾಸ್ಟ್ಯಾಗ್‌ನಿಂದ ಹೋದದ್ದು ವಾಪಸ್ ಬಂತು. ಕ್ಯಾಶ್ ಕೊಟ್ಟದ್ದು ಬರಲಿಲ್ಲ, ಚೀಟಿಯ ಶಾಯಿ ಅಳಿಸಿಹೋಗಿತ್ತು.

ಒಂದು ಮಾರ್ಚ್ 31ರ ರಾತ್ರಿ ಊರಿಂದ ವಾಪಸ್ ಬರುತ್ತಿದ್ದೆ. ಗೇಟಿನ ಹತ್ತಿರ ದರದ ದೊಡ್ಡ ಬೋರ್ಡಿಗೆ ಏಣಿ ಹಾಕಿಕೊಂಡು ಒಬ್ಬ ಹೊಸ ಅಂಕಿ ಅಂಟಿಸುತ್ತಿದ್ದ. ಕೆಳಗೆ ಇನ್ನೊಬ್ಬ ಟಾರ್ಚ್ ಹಿಡಿದಿದ್ದ. ಹಳೇ ಅಂಕಿ ಕೀಳೋದಿಲ್ವಾ ಅಂತ ಗಾಜು ಇಳಿಸಿ ಕೇಳಿದೆ. "ಕಿತ್ರೆ ಪೇಂಟ್ ಎದ್ದು ಬರುತ್ತೆ ಸಾರ್, ಅದರ ಮೇಲೇ ಹಾಕೋದು," ಅಂದ. ಪಕ್ಕದಿಂದ ನೋಡಿದರೆ ಒಂದರ ಮೇಲೊಂದು ಕೂತ ಸ್ಟಿಕ್ಕರುಗಳು ಬೆರಳಷ್ಟು ದಪ್ಪ ಆಗಿದ್ದವು.